ರಸಮಟ್ಟ ಇಡದ ಪರದೆ

ಓಲ್ದರುಮ್ ಊರಿನಲ್ಲಿ ರೈಂಡರ್ ಅಳೆದದ್ದನ್ನು ಯಾರೂ ಎರಡನೇ ಸಲ ಅಳೆದು ನೋಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಅವನು ಹಾಲಿನ ಟ್ಯಾಂಕರ್ ಓಡಿಸಿದ್ದ. ಬೆಳಗ್ಗೆ ಐದಕ್ಕೆ ಹೊರಟು, ಹದಿನಾಲ್ಕು ಕೊಟ್ಟಿಗೆಗಳಿಗೆ ಹೋಗಿ, ಅಲ್ಲಿನ ಉಕ್ಕಿನ ತೊಟ್ಟಿಯಲ್ಲಿರುವ ಹಾಲನ್ನು ಅಳೆದು, ಚೀಟಿ ಬರೆದುಕೊಟ್ಟು, ಆಮೇಲೆ ಕೊಳವೆ ಹಾಕಿ ಹೀರಿಕೊಳ್ಳಬೇಕು. ಮೊದಲ ವರ್ಷಗಳಲ್ಲಿ ಅಳೆಯಲು ಇದ್ದದ್ದು ಗೀಟು ಕೊರೆದ ಒಂದು ಉಕ್ಕಿನ ಕಡ್ಡಿ ಮಾತ್ರ. ಉಳಿದ ಚಾಲಕರು ಕಡ್ಡಿ ಅದ್ದಿ, ಗೀಟು ನೋಡಿ, ಬರೆದು ಹೊರಟುಬಿಡುತ್ತಿದ್ದರು. ರೈಂಡರ್ ಮೊದಲು ಜೇಬಿನಿಂದ ಗೇಣುದ್ದದ ರಸಮಟ್ಟ ತೆಗೆದು ತೊಟ್ಟಿಯ ಅಂಚಿನ ಮೇಲೆ ಇಡುತ್ತಿದ್ದ. ಆ ಕಡೆಯ ನೆಲ ಮೆತ್ತಗೆ. ತೊಟ್ಟಿಯ ಒಂದು ಕಾಲು ಬೆರಳಿನಷ್ಟು ಕುಸಿದರೂ ಕಡ್ಡಿ ಸುಳ್ಳು ಹೇಳುತ್ತದೆ. ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಂತಿತೆಂದರೆ ಮಾತ್ರ ಅವನು ಕಡ್ಡಿಗೆ ಕೈ ಹಾಕುತ್ತಿದ್ದ. ಆ ರಸಮಟ್ಟಕ್ಕಾಗಿ ಅವನನ್ನು ನೋಡಿ ನಗುತ್ತಿದ್ದ ರೈತರೇ, ಬೇರೆ ಚಾಲಕ ಬಂದ ದಿನ, "ರೈಂಡರ್ ಎಲ್ಲಿ?" ಎಂದು ಕೇಳುತ್ತಿದ್ದರು.

ಅದು ಅವನ ಹೊಟ್ಟೆಪಾಡು. ಅವನ ಜೀವ ಇದ್ದದ್ದು ಸ್ಕೇಟಿಂಗ್‌ನಲ್ಲಿ. ಇಪ್ಪತ್ತೆರಡು ಚಳಿಗಾಲ ಅವನು ಊರಿನ ಐಸ್ ಸಂಘದ ಹುಡುಗಿಯರಿಗೆ ಸಂಬಳವಿಲ್ಲದೆ ತರಬೇತಿ ಕೊಟ್ಟ. ಊರ ಹಿಂದಿನ ಹುಲ್ಲುಗಾವಲಿಗೆ ನೀರು ಹಾಯಿಸಿದರೂ ಅದು ಈಚಿನ ವರ್ಷಗಳಲ್ಲಿ ಹೆಪ್ಪುಗಟ್ಟುತ್ತಿರಲಿಲ್ಲ. ಹಾಗಾಗಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ಪಟ್ಟಣದ ಒಳಾಂಗಣ ಐಸ್ ಅಂಗಣಕ್ಕೆ ಹೋಗುತ್ತಿದ್ದರು. ತರಬೇತಿ ಮುಗಿದ ಮೇಲೆ ಪ್ರತಿಯೊಬ್ಬಳಿಗೂ ಅವನ ಜೇಬಿನಿಂದ ಒಂದು ಬಿಳಿ ಪೆಪ್ಪರ್‌ಮೆಂಟು ಬಿಲ್ಲೆ. ಚೆನ್ನಾಗಿ ಓಡಿದವಳಿಗೂ ಒಂದೇ, ಬಿದ್ದವಳಿಗೂ ಒಂದೇ.

ಸ್ಕೇಟಿಂಗ್‌ನಲ್ಲಿ ಎಲ್ಲ ಇರುವುದು ಕೂರುವುದರಲ್ಲಿ. ಮಂಡಿ ಮಡಚಿ, ಕಾಣದ ಕುರ್ಚಿಯೊಂದರ ಮೇಲೆ ಕೂತ ಹಾಗೆ ತಗ್ಗಿ ಓಡಬೇಕು. ಮೇಲೆ ಕೂತವಳಿಗೆ ತಳ್ಳಲು ಬಲ ಸಿಗುವುದಿಲ್ಲ. ತೀರಾ ಕೆಳಗೆ ಕೂತವಳ ಕಾಲು ಸೋಲುತ್ತದೆ. ತೊಡೆಗೂ ಮೊಣಕಾಲಿನ ಕೆಳಭಾಗಕ್ಕೂ ನಡುವೆ ತೊಂಬತ್ತೈದು ಡಿಗ್ರಿ ಇರಬೇಕು ಎಂದು ರೈಂಡರ್ ಲೆಕ್ಕ ಹಾಕಿಕೊಂಡಿದ್ದ. ಕಣ್ಣಂದಾಜು ಅವನಿಗೆ ಆಗಿಬರುತ್ತಿರಲಿಲ್ಲ. ಆದ್ದರಿಂದ ಅಂಗಣದ ತಿರುವಿನಲ್ಲಿ ನಿಂತು ಕ್ಯಾಮೆರಾದಲ್ಲಿ ಓಟದ ವಿಡಿಯೋ ಚಿತ್ರ ತೆಗೆಯುತ್ತಿದ್ದ. ಮನೆಗೆ ಬಂದು ಅದನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ. ಹುಡುಗಿ ಒಂಟಿಕಾಲಿನಲ್ಲಿ ಜಾರುವ ಗಳಿಗೆಗೆ ಚಿತ್ರವನ್ನು ನಿಲ್ಲಿಸಿ, ಶಾಲೆಯ ಮಕ್ಕಳು ಬಳಸುವ ಪ್ಲಾಸ್ಟಿಕ್ ಕೋನಮಾಪಕವನ್ನು ಪರದೆಯ ಗಾಜಿಗೇ ಒತ್ತಿ ಹಿಡಿದು ಡಿಗ್ರಿ ನೋಡುತ್ತಿದ್ದ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಹೆಸರು, ದಿನ, ಡಿಗ್ರಿ.

ಎರಡು ಸಾವಿರದ ನಾಲ್ಕನೇ ಇಸವಿಯ ಶರತ್ಕಾಲದಲ್ಲಿ ಸಂಘಕ್ಕೆ ಹೊಸ ಕ್ಯಾಮೆರಾ ಬಂತು. ಅದರ ಪಕ್ಕದಲ್ಲಿ 'ಅಗಲ' ಎಂದು ಬರೆದ ಒಂದು ಗುಂಡಿ ಇತ್ತು. ರೈಂಡರ್ ಕ್ಯಾಮೆರಾ ಜೊತೆ ಬಂದ ಪುಸ್ತಕ ಓದಿಯೇ ಅದನ್ನು ಒತ್ತಿದ. ಅಗಲ ಮಾಡಿದರೆ ತಿರುವು ಪೂರ್ತಿ ಕಾಣುತ್ತದೆ ಎಂದು ಅದರಲ್ಲಿ ಬರೆದಿತ್ತು. ನಿಜವಾಗಿಯೂ ತಿರುವು ಪೂರ್ತಿ ಕಂಡಿತು. ಮನೆಯ ಹಳೆಯ ಕಂಪ್ಯೂಟರಿಗೆ ಮಾತ್ರ ಅಗಲ ಚಿತ್ರ ಎಂದರೇನೆಂದೇ ಗೊತ್ತಿರಲಿಲ್ಲ. ಅದು ಬಂದ ಚಿತ್ರವನ್ನು ಎರಡೂ ಬದಿಯಿಂದ ಒತ್ತಿ ತನ್ನ ಚೌಕದೊಳಗೆ ತುಂಬಿಸಿಕೊಂಡಿತು. ಪರದೆಯ ಮೇಲೆ ಎಲ್ಲರೂ ತೆಳ್ಳಗೆ, ಉದ್ದಕ್ಕೆ ಬಂದರು.

ಬೇರೆ ಯಾವುದಾದರೂ ಸೀಮೆಯಲ್ಲಾಗಿದ್ದರೆ ಮೊದಲ ದಿನವೇ ಯಾರಾದರೂ ನಕ್ಕಿರುತ್ತಿದ್ದರು. ಓಲ್ದರುಮ್‌ನಲ್ಲಿ ಬಾಗಿಲಿಗೆ ತಲೆ ತಗ್ಗಿಸದೆ ಒಳಬರುವವರೇ ಕಡಿಮೆ. ಹದಿನೈದರ ಹುಡುಗಿಯರು ಬೇಸಿಗೆ ಕಳೆದು ಬಂದರೆಂದರೆ ಹೋದ ವರ್ಷದ ಪ್ಯಾಂಟು ಮೀನಖಂಡದ ಮೇಲೆ ನಿಂತಿರುತ್ತಿತ್ತು. "ಹುಡುಗಿಯರು ಬೆಳೆದಿದ್ದಾರೆ" ಎಂದುಕೊಂಡ ರೈಂಡರ್. ಕೋನಮಾಪಕ ಒತ್ತಿ ನೋಡಿದ. ಎಲ್ಲರೂ ನೂರೆಂಟು, ನೂರಹತ್ತು, ನೂರಹದಿನೈದು. ಕಾಲು ಉದ್ದವಾದ ಮೇಲೆ ಕೂರುವುದನ್ನು ಮರೆತಿದ್ದಾರೆ ಎಂದು ಅವನಿಗೆ ತೋರಿತು.

"ಕೆಳಗೆ" ಎಂದ ಅವನು ಆ ಮಂಗಳವಾರ. "ಎಲ್ಲರೂ ಕೆಳಗೆ. ಒಂದು ಗೇಣು."

ಹುಡುಗಿಯರು ಎರಡು ವಾರ ಪ್ರಯತ್ನಿಸಿದರು. ತೊಡೆ ಉರಿಯುತ್ತದೆ ಎಂದು ಗೊಣಗಿದರು. ಮೂರನೇ ವಾರ ತಮಗೆ ಬೇಕಾದ ಹಾಗೆ ಓಡಿದರು. ಮಾತು ಕೇಳಿದವಳು ಒಬ್ಬಳೇ, ಆಫ್ಕೆ.

ಆಫ್ಕೆ ಬಾಕ್ಯೆಯ ಒಬ್ಬಳೇ ಮಗಳು. ಮಾತು ಕಡಿಮೆ, ಹೇಳಿದ್ದನ್ನು ಮಾಡುವ ಜಾಯಮಾನ. ರೈಂಡರ್ ಅವಳಿಗೆ ನೂರಹತ್ತು ಎಂದ ದಿನ ಬಾಕ್ಯೆ ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಒಂದು ಕೆಂಪು ಉಣ್ಣೆಯ ದಾರ ಕಟ್ಟಿದಳು. ಆಫ್ಕೆ ಸ್ಕೇಟಿಂಗ್ ಭಂಗಿಯಲ್ಲೇ ದಾರಕ್ಕೆ ತಲೆ ತಾಗದಂತೆ ಒಳಗೆ ಬರಬೇಕು, ಹೊರಗೆ ಹೋಗಬೇಕು. ಊಟಕ್ಕೆ ಬರುವಾಗಲೂ ಅಷ್ಟೇ. ತಿಂಗಳಿಗೊಮ್ಮೆ ದಾರ ಎರಡು ಬೆರಳು ಕೆಳಗೆ ಇಳಿಯುತ್ತಿತ್ತು. ನೂರೆಂಟು, ನೂರೈದು, ನೂರೆರಡು. ಎರಡನೇ ಚಳಿಗಾಲದ ಫೆಬ್ರವರಿಯಲ್ಲಿ ತೊಂಬತ್ತೇಳು. ಆ ತಿಂಗಳು ಆಫ್ಕೆ ಪ್ರಾಂತ್ಯದ ಸ್ಪರ್ಧೆಯಲ್ಲಿ ಎರಡನೆಯವಳಾದಳು. ಫ್ರಿಜ್ಜಿನ ಮೇಲೆ ಬಾಕ್ಯೆ ಆ ತೊಂಬತ್ತೇಳರ ಸುತ್ತ ಒಂದು ಹೂಬಳ್ಳಿ ಬರೆದಳು.

ಏಪ್ರಿಲ್‌ನಲ್ಲಿ ಆಫ್ಕೆಯ ಎರಡೂ ಮಂಡಿ ಊದಿಕೊಂಡವು. ಬೇಸಿಗೆಯಲ್ಲಿ ಸರಿಯಾಗುತ್ತದೆ ಎಂದರು ಡಾಕ್ಟರು, ಆಗಲಿಲ್ಲ. ಮಂಡಿಚಿಪ್ಪಿನ ಹಿಂದಿನ ಮೆತ್ತೆ ಸವೆದಿದೆ, ಅದು ಮತ್ತೆ ಬೆಳೆಯುವಂಥದಲ್ಲ ಎಂದರು. ಯಾಕೆ ಹೀಗಾಯಿತು ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಕೆಲವರ ಮಂಡಿ ಹಾಗೇ ಎಂದರು. ಹದಿನೇಳಕ್ಕೆ ಅವಳ ಸ್ಕೇಟಿಂಗ್ ಮುಗಿಯಿತು. ರೈಂಡರ್ ಇನ್ನೂ ಒಂದು ವರ್ಷ ಬೇರೆ ಹುಡುಗಿಯರ ಜೊತೆ ಇದ್ದು ತರಬೇತಿ ಬಿಟ್ಟ. ಯಾಕೆಂದು ಯಾರಾದರೂ ಕೇಳಿದರೆ ಬೆನ್ನು ನೋವು ಎನ್ನುತ್ತಿದ್ದ.

ಇದೆಲ್ಲ ಆಗಿ ಹದಿಮೂರು ವರ್ಷ ಕಳೆಯಿತು. ಸಂಘಕ್ಕೆ ನೂರು ತುಂಬುವ ವರ್ಷ ಬಂತು. ಸಂಘದ ಕಾರ್ಯದರ್ಶಿ ಫೆಡ್ಡೆ ಜನವರಿಯ ಒಂದು ಬೆಳಗ್ಗೆ ರೈಂಡರ್ ಮನೆಗೆ ಬಂದ. ಅವನೂ ರೈಂಡರನೂ ಒಂದೇ ಬೆಂಚಿನಲ್ಲಿ ಓದಿದವರು.

"ನಿನ್ನ ಆ ಮುದಿ ಪೆಟ್ಟಿಗೆ ಇನ್ನೂ ಬದುಕಿದ್ಯಾ?" ಎಂದು ಕೇಳಿದ ಫೆಡ್ಡೆ, ಮೂಲೆಯಲ್ಲಿದ್ದ ಕಂಪ್ಯೂಟರ್ ಕಡೆ ಗದ್ದ ಎತ್ತಿ ತೋರಿಸಿ.

"ನಿನಗಿಂತ ಬೇಗ ಏಳುತ್ತೆ."

"ಹಾಗಾದ್ರೆ ಕೆಲಸ ಕೊಡು ಅದಕ್ಕೆ. ಸಭಾಭವನದಲ್ಲಿ ಹಳೇ ಚಿತ್ರ ತೋರಿಸೋಣ. ಆಫ್ಕೆ ಎರಡನೇ ಸ್ಥಾನ ಬಂದಿದ್ದು ಇದೆ ಅಲ್ವಾ ನಿನ್ನ ಹತ್ರ? ನಮ್ಮ ಊರಿನವರು ಅದಕ್ಕಿಂತ ಮೇಲೆ ಯಾವತ್ತೂ ಹೋಗಿಲ್ಲ."

ಆ ಚಿತ್ರಗಳು ಆ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತಿದ್ದವು. ರೈಂಡರ್ ಅದಕ್ಕೆ ಹೊದಿಸಿದ್ದ ಬಟ್ಟೆ ತೆಗೆದ. ವರ್ಷ ಕಳೆದ ಹಾಗೆ ಹಳದಿಗಟ್ಟಿದ ಡಬ್ಬ, ಹೊಟ್ಟೆ ಮುಂದೆ ಬಂದ ಗಾಜಿನ ಮಾನಿಟರ್. ಅದು ಗುರುಗುಟ್ಟುತ್ತ ಎದ್ದಿತು. ಮರುದಿನ ಕಾಫಿ ಹೊತ್ತಿಗೆ ಅವನು ಆ ಫೆಬ್ರವರಿಯ ಚಿತ್ರ ಹುಡುಕಿ ತೆಗೆದಿದ್ದ. ಪರದೆಯ ಮೇಲೆ ಆಫ್ಕೆ ನೀಲಿ ಉಡುಪಿನಲ್ಲಿ ತಿರುವಿಗೆ ಬರುತ್ತಿದ್ದಳು.

ಹೆಂಡತಿ ಸೈಪಿ ಕಾಫಿ ತಟ್ಟೆ ಹಿಡಿದು ಹಿಂದೆ ನಿಂತಳು. ಅವಳಿಗೆ ಸ್ಕೇಟಿಂಗ್ ಗೊತ್ತಿಲ್ಲ, ಮಂಡಿ ನೋಡುವ ಚಟವೂ ಇಲ್ಲ.

"ಅದೇನು ಗಡಿಯಾರ ಅಲ್ಲಿ?" ಎಂದಳು. "ಮೊಟ್ಟೆ ಥರ."

ರೈಂಡರ್ ನೋಡಿದ. ತಿರುವಿನ ಹಿಂದೆ, ಕಾಫಿ ಅಂಗಡಿಯ ಮೇಲೆ, ಅಂಗಣದ ಗೋಡೆ ಗಡಿಯಾರ. ಎರಡು ಚಳಿಗಾಲ ಅದು ಅವನ ಪರದೆಯ ಮೂಲೆಯಲ್ಲೇ ಇತ್ತು. ಅವನು ಯಾವತ್ತೂ ಅದರ ಕಡೆ ಕಣ್ಣು ಎತ್ತಿರಲಿಲ್ಲ. ಅದು ನಿಲ್ಲಿಸಿದ ಮೊಟ್ಟೆಯ ಹಾಗೆ ಇತ್ತು.

"ಆ ಗಡಿಯಾರ ದುಂಡಗಿದೆ" ಎಂದ ಅವನು.

"ಇಲ್ಲಿ ಇಲ್ವಲ್ಲ."

ಅವನು ಜೇಬಿಗೆ ಕೈ ಹಾಕಿ ಒಂದು ಪೆಪ್ಪರ್‌ಮೆಂಟು ತೆಗೆದ. ಗಾಜಿನ ಮೇಲೆ, ಗಡಿಯಾರದ ಮೇಲೆ ಒತ್ತಿ ಹಿಡಿದ. ಬಿಲ್ಲೆ ಅಡ್ಡಕ್ಕೆ ಸರಿಯಾಗಿ ಕೂತಿತು. ಮೇಲೂ ಕೆಳಗೂ ಗಡಿಯಾರ ಇಣುಕುತ್ತಿತ್ತು.

ಕಂಪ್ಯೂಟರಿನೊಳಗೆ ಚಿತ್ರದ ಆಕಾರ ಬದಲಿಸಲು ಅವನು ಒಂದು ಗಂಟೆ ತಡಕಾಡಿದ. ಆಯ್ಕೆ ಸಿಕ್ಕಿತು, ಆದರೆ ಅದನ್ನು ಒತ್ತಿದರೆ ಆ ಮುದಿ ಯಂತ್ರಕ್ಕೆ ಏದುಸಿರು ಬಂದು ಚಿತ್ರ ನಿಂತು ನಿಂತು ಓಡುತ್ತಿತ್ತು. ಕೊನೆಗೆ ಮಾನಿಟರಿನ ಹೊಟ್ಟೆಯ ಕೆಳಗಿದ್ದ ಗುಂಡಿಗಳಿಗೆ ಕೈ ಹಾಕಿದ. ಒಂದು ಗುಂಡಿ ಚಿತ್ರದ ಎತ್ತರ ಇಳಿಸುತ್ತದೆ. ಒತ್ತುತ್ತ ಹೋದ. ಮೇಲೊಂದು ಕೆಳಗೊಂದು ಕಪ್ಪು ಪಟ್ಟಿ ಬಂತು, ದಪ್ಪವಾಯಿತು. ಎಡಗೈಯಲ್ಲಿ ಪೆಪ್ಪರ್‌ಮೆಂಟು, ಬಲಗೈಯಲ್ಲಿ ಗುಂಡಿ. ಗಡಿಯಾರ ಬಿಲ್ಲೆಯ ಹಿಂದೆ ಪೂರ್ತಿ ಮುಚ್ಚಿಹೋದಾಗ ನಿಲ್ಲಿಸಿದ.

ಪರದೆಯ ಮೇಲೆ ಬೇರೆಯೇ ಹುಡುಗಿ ಇದ್ದಳು. ಉದ್ದಕಾಲಿನ ತೆಳು ಹುಡುಗಿ ಹೋಗಿ, ಭುಜ ಅಗಲವಾದ, ತೊಡೆ ಗಟ್ಟಿಯಾದ, ನೆಲಕ್ಕೆ ಕಚ್ಚಿಕೊಂಡ ಹುಡುಗಿ. ಅವನಿಗೆ ಅವಳು ಚೆನ್ನಾಗಿ ಗೊತ್ತಿದ್ದಳು. ಎರಡು ಚಳಿಗಾಲ ಅವಳನ್ನೇ ಅವನು ಅಂಗಣದ ಅಂಚಿನಲ್ಲಿ ನಿಂತು ನೋಡಿದ್ದ, ಮನೆಗೆ ಬಂದು ಬೇರೊಬ್ಬಳನ್ನು ಅಳೆದಿದ್ದ.

ಕೋನಮಾಪಕ ಇನ್ನೂ ಡ್ರಾಯರಿನಲ್ಲೇ ಇತ್ತು. ಗಾಜಿಗೆ ಒತ್ತಿದ. ಎಂಬತ್ತೆರಡು.

ಕೈ ಅಲುಗಿರಬೇಕು ಎಂದು ಮತ್ತೆ ಒತ್ತಿದ. ಎಂಬತ್ತೆರಡು. ಆಮೇಲೆ ಅವನು ಮೊದಲ ಶರತ್ಕಾಲದ ಚಿತ್ರ ಹುಡುಕಿದ, ನೋಟ್‌ಬುಕ್ಕಿನಲ್ಲಿ 'ನೂರಹತ್ತು, ಕೆಳಗೆ' ಎಂದು ಬರೆದಿದ್ದ ದಿನದ್ದು. ಗಡಿಯಾರ ಅಲ್ಲೂ ದುಂಡಗೆ ನಿಂತಿತು. ತೊಂಬತ್ತೈದು. ಒಂದು ಗೆರೆ ಆಚೆಯಿಲ್ಲ, ಈಚೆಯಿಲ್ಲ.

ಎರಡು ದಿನ ಅವನು ಎಲ್ಲ ಚಿತ್ರಗಳನ್ನೂ ಅಳೆದ. ಎಲ್ಲಾದರೂ ಒಂದು ಕಡೆ ತಾನು ಸರಿ ಇದ್ದಿರಬಹುದು ಎಂದು ನೋಟ್‌ಬುಕ್ಕಿನ ಎರಡನೇ ಕಾಲಂ ತುಂಬಿಸುತ್ತ ಹೋದ. ಇರಲಿಲ್ಲ. ಮೂರನೇ ದಿನ ಸೈಪಿ ಬಂದು ಮಾನಿಟರ್ ಆರಿಸಿದಳು.

"ಅದೇ ಕ್ಯಾಮೆರಾದಲ್ಲಿ ತೆಗೆದ ಹೊಸ ವರ್ಷದ ವಿಡಿಯೋದಲ್ಲಿ ನಾನು ಅಷ್ಟು ತೆಳ್ಳಗೆ ಕಂಡಿದ್ದೂ ಅದಕ್ಕೇನಾ?" ಎಂದಳು.

"ಹೂಂ."

"ಹದಿಮೂರು ವರ್ಷ ಅದನ್ನೇ ನಂಬಿಕೊಂಡು ಕೇಕು ತಿಂದೆ." ಅವನು ನಗಲಿಲ್ಲ. ಅವಳು ಅವನ ಪಕ್ಕದಲ್ಲಿ ಕೂತಳು. "ಹೋಗಿ ಹೇಳ್ತೀಯಾ ಅವಳಿಗೆ?"

"ಹೇಳ್ಬೇಕು."

"ಹೇಳಿದ್ರೆ ಮಂಡಿ ವಾಪಸ್ ಬರುತ್ತಾ, ರೈಂಡರ್?"

"ಇಲ್ಲ."

"ಹೇಳದೆ ಇದ್ರೆ?"

"ಆಗಲೂ ಇಲ್ಲ." ಅವನು ಕೋನಮಾಪಕವನ್ನು ತಿರುಗಿಸುತ್ತ ಇದ್ದ. "ಸೈಪಿ, ತೊಟ್ಟಿ ಮೇಲೆ ನಾನು ದಿನಾ ರಸಮಟ್ಟ ಇಡ್ತಿದ್ದೆ. ದಿನಾ. ಒಂದು ಲೀಟರ್ ಹಾಲು ಹೆಚ್ಚು ಕಮ್ಮಿ ಆಗಬಾರದು ಅಂತ."

ಸೈಪಿ ಅವನ ತೋಳಿನ ಮೇಲೆ ಒಂದು ಕ್ಷಣ ಕೈ ಇಟ್ಟು ಎದ್ದು ಹೋದಳು.

ಆಫ್ಕೆ ಈಗ ಕಾಲುವೆಯ ಸೇತುವೆಯಲ್ಲಿ ಕೆಲಸ ಮಾಡುತ್ತಿದ್ದಳು. ಹಡಗು ಬಂದಾಗ ರಸ್ತೆಯ ಗೇಟು ಇಳಿಸಿ, ಸೇತುವೆ ಎತ್ತಿ, ಹಡಗು ದಾಟಿದ ಮೇಲೆ ಇಳಿಸುವ ಕೆಲಸ. ನೀರಿನ ಮೇಲೆ ಚಾಚಿದ ಗಾಜಿನ ಕೋಣೆ. ಅವಳ ಸ್ಟೂಲು ಎಷ್ಟು ಎತ್ತರ ಇತ್ತೆಂದರೆ ಕೂತರೂ ಕಾಲು ನೆಟ್ಟಗೇ ಇರುತ್ತಿತ್ತು. ರೈಂಡರ್ ಎದುರುಗಾಳಿಯಲ್ಲಿ ಹನ್ನೊಂದು ಕಿಲೋಮೀಟರ್ ಸೈಕಲ್ ತುಳಿದು ಅಲ್ಲಿಗೆ ಹೋದ.

"ಈ ಗಾಳಿಗೆ ಸೈಕಲ್ಲಾ?" ಎಂದಳು ಆಫ್ಕೆ ಬಾಗಿಲು ತೆಗೆದು. "ಸೈಪಿ ಹೊರಗೆ ಹಾಕಿದ್ರಾ?"

"ಕಾಫಿ ಇದ್ಯಾ?"

"ಇದೆ. ಜೊತೆಗೆ ಬಿಸ್ಕತ್ತು ಒಂದು. ಎರಡನೇದು ಕೇಳ್ಬೇಡಿ, ಇದು ಸರ್ಕಾರದ್ದು."

ಅವನು ಕೋಟು ಬಿಚ್ಚಲಿಲ್ಲ. ಕಾಫಿ ಲೋಟ ಹಿಡಿದು ನಿಂತೇ ಇದ್ದ. "ಮಂಡಿ ಹೇಗಿದೆ?"

"ಇದ್ದ ಹಾಗೇ. ಮಳೆ ಬರೋದು ಒಂದು ದಿನ ಮುಂಚೆ ಗೊತ್ತಾಗುತ್ತೆ. ಅದಕ್ಕೆ ಬೇರೆ ಸಂಬಳ ಕೊಡಿ ಅಂತ ಕೇಳಿದೀನಿ, ಕೊಡ್ತಾ ಇಲ್ಲ." ಅವಳು ಅವನ ಮುಖ ನೋಡಿದಳು. "ಏನಾಯ್ತು ರೈಂಡರ್?"

ಅವನು ಒಳಜೇಬಿನಿಂದ ಎರಡು ಕಾಗದ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಹರಡಿದ. ಒಂದೇ ಚಿತ್ರ, ಎರಡು ಆಕಾರದಲ್ಲಿ ಅಚ್ಚು ಹಾಕಿಸಿದ್ದು. ಎರಡರ ಮೇಲೂ ಅವನು ಪೆನ್ಸಿಲ್‌ನಲ್ಲಿ ತೊಡೆಗೂ ಕಾಲಿಗೂ ಗೆರೆ ಎಳೆದು ಡಿಗ್ರಿ ಬರೆದಿದ್ದ. ಗಡಿಯಾರದ ಸುತ್ತಲೂ ಒಂದೊಂದು ಗೆರೆ. ಕ್ಯಾಮೆರಾದ ಗುಂಡಿಯಿಂದ ಶುರುಮಾಡಿ, ಒಂದನ್ನೂ ಬಿಡದೆ, ಹಾಲಿನ ಚೀಟಿ ಓದಿ ಹೇಳುವ ಹಾಗೆ ಹೇಳಿದ. ಅರ್ಧಕ್ಕೆ ಬಂದಾಗ ಹೊರಗೆ ಹಡಗೊಂದು ಕೂಗಿತು.

"ನಿಲ್ಲಿ" ಎಂದಳು ಆಫ್ಕೆ. ಗೇಟು ಇಳಿಯಿತು. ಸೇತುವೆ ನಿಧಾನಕ್ಕೆ ಎದ್ದಿತು. ಜಲ್ಲಿ ತುಂಬಿದ ಉದ್ದನೆಯ ಹಡಗು ಗಾಜಿನ ಕೆಳಗೆ ತೆವಳಿತು. ಚಾಲಕ ಕೈ ಎತ್ತಿದ, ಅವಳೂ ಎತ್ತಿದಳು. ಅಷ್ಟು ಹೊತ್ತೂ ರೈಂಡರ್ ಬೆರಳನ್ನು ಕಾಗದದ ಮೇಲೆ, ನಿಲ್ಲಿಸಿದ ಜಾಗದಲ್ಲೇ ಇಟ್ಟುಕೊಂಡು ನಿಂತಿದ್ದ. ಸೇತುವೆ ಇಳಿದು, ಕಾದಿದ್ದ ಮೂರು ಕಾರುಗಳು ದಾಟಿದವು. ಅವಳು ಅವನ ಕಡೆ ತಿರುಗಿದಳು.

"ಅಂದ್ರೆ ಮೊದಲನೇ ದಿನಾನೇ ನಾನು ಸರಿಯಾಗಿ ಕೂತಿದ್ದೆ."

"ತೊಂಬತ್ತೈದು."

"ನೀವು ಕೆಳಗೆ ಅಂದಾಗ."

"ಹೌದು."

ಅವಳು ಕಾಗದ ಎತ್ತಿ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. "ನನ್ನ ತೊಡೆ ಹೇಳ್ತಾನೇ ಇತ್ತು" ಎಂದಳು. "ಇಷ್ಟು ಸಾಕು, ಇಷ್ಟು ಸಾಕು ಅಂತ. ಬೇರೆ ಹುಡುಗೀರು ತೊಡೆ ಮಾತು ಕೇಳಿದ್ರು. ನಾನು ಕೇಳ್ಲಿಲ್ಲ. ನೀವು ಅಳೆದಿದ್ರಿ ಅಲ್ವಾ."

ಹದಿಮೂರು ವರ್ಷದಲ್ಲಿ ಯಾರೂ ಅವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆಯ ಮಾತು ಆಡಿರಲಿಲ್ಲ, ಇದಕ್ಕಿಂತ ಕೆಟ್ಟ ಮಾತನ್ನೂ ಆಡಿರಲಿಲ್ಲ.

"ಡಾಕ್ಟರಿಗೆ ಹೇಳಿದ್ರೆ ಏನಾದ್ರೂ..." ಎಂದ ಅವನು.

"ಏನಂತ ಹೇಳೋದು? ಗಡಿಯಾರ ಮೊಟ್ಟೆ ಆಗಿತ್ತು ಅಂತಾನಾ?" ಅವಳು ಕಾಗದ ಮಡಚಿದಳು. "ಅದರಿಂದಾನೇ ಆಯ್ತೋ, ಹೇಗೂ ಆಗ್ತಿತ್ತೋ, ಅವರಿಗೂ ಗೊತ್ತಿಲ್ಲ. ನಿಮಗೂ ಗೊತ್ತಾಗಲ್ಲ."

"ಬೈಯಿ ಆಫ್ಕೆ. ಬೈದುಬಿಡು."

"ಬೈಯಲ್ಲ. ಬೈದ್ರೆ ನೀವು ಹಗುರ ಆಗಿ ಸೈಕಲ್ ಹತ್ತಿ ಹೋಗ್ತೀರಿ. ನಾನು ಇಲ್ಲೇ ಕೂತಿರ್ತೀನಿ."

ಅವಳು ದನಿ ಏರಿಸಿರಲಿಲ್ಲ. ಅವನು ತಲೆಯಾಡಿಸಿದ. ಕಾಫಿ ಆರಿಹೋಗಿತ್ತು, ಆದರೂ ಕುಡಿದು ಲೋಟ ತೊಳೆದಿಟ್ಟ. ಬಾಗಿಲ ಹತ್ತಿರ ಅವಳು ಅವನನ್ನು ಮತ್ತೆ ಕರೆದಳು.

"ಎರಡು ಮಾತು. ಮೆಮ್‌ಗೆ ಹೇಳ್ಬೇಡಿ." ಆ ಸೀಮೆಯಲ್ಲಿ ಮುದುಕರಾದ ಮೇಲೂ ಅಮ್ಮನನ್ನು ಕರೆಯುವುದು ಹಾಗೆಯೇ. "ದಾರ ಕಟ್ಟಿದ್ದು ಮೆಮ್. ಗೊತ್ತಾದ್ರೆ ಆಮೇಲೆ ಅಡುಗೆಮನೆ ಬಾಗಿಲು ದಾಟೋಕಾಗಲ್ಲ ಅವಳಿಗೆ."

"ಯಾರಿಗೂ ಹೇಳಲ್ಲ."

"ಇನ್ನೊಂದು. ಸಭಾಭವನದಲ್ಲಿ ಸರಿ ಮಾಡಿ ತೋರಿಸಿ. ಎಷ್ಟು ಕೆಳಗೆ ಕೂತಿದ್ದೆ ಅಂತ ನಾನೂ ಒಂದ್ಸಲ ನೋಡ್ಬೇಕು."

ಮಾರ್ಚ್‌ನ ಒಂದು ಶನಿವಾರ ಮಧ್ಯಾಹ್ನ ಮೂರಕ್ಕೆ ಸಭಾಭವನ ತುಂಬಿತು. ಮೇಜುಗಳ ಮೇಲೆ ಗುಲಾಬಿ ಸಕ್ಕರೆ ಬಳಿದ ಕಿತ್ತಳೆ ಕೇಕು, ಗಂಡಸರ ಕೈಯಲ್ಲಿ ಬೇರು ನೆನೆಸಿದ ಕಹಿ ಮದ್ಯದ ಚಿಕ್ಕ ಲೋಟ. ರೈಂಡರ್ ಬೆಳಗ್ಗೆಯೇ ಆ ಹಳದಿ ಡಬ್ಬವನ್ನು ಹೊತ್ತು ತಂದು ಪ್ರೊಜೆಕ್ಟರಿಗೆ ತಂತಿ ಸಿಕ್ಕಿಸಿದ್ದ. ತಂತಿ ಹಿಡಿಯಿತು, ದೀಪ ಬಂತು. ಅಷ್ಟಕ್ಕೇ ಅವನು ಸಮಾಧಾನಪಟ್ಟುಕೊಂಡಿದ್ದ.

ಬಾಕ್ಯೆ ಮೊದಲ ಸಾಲಿನಲ್ಲಿ ಕೂತಿದ್ದಳು, ಕೂದಲು ಹೊಸದಾಗಿ ಕತ್ತರಿಸಿಕೊಂಡು. ಆಫ್ಕೆ ಹಿಂದೆ ಬಾಗಿಲ ಹತ್ತಿರ, ಗೋಡೆಗೆ ಒರಗಿ ನಿಂತಿದ್ದಳು. ಯಾರೋ ಕುರ್ಚಿ ಕೊಟ್ಟರು. ಬೇಡವೆಂದಳು.

ಫೆಡ್ಡೆ ದೀಪ ಆರಿಸಿದ. ಗೋಡೆಯ ಮೇಲೆ ಅಂಗಣ ಮೂಡಿತು. ತೆಳ್ಳಗಿನ ಉದ್ದಕಾಲಿನ ಹುಡುಗಿಯರು, ತೆಳ್ಳಗಿನ ತೀರ್ಪುಗಾರ, ಮೇಲೆ ಮೊಟ್ಟೆಯಂಥ ಗಡಿಯಾರ.

ರೈಂಡರನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವನು ಸರಿಮಾಡಿದ್ದು ಮನೆಯ ಮಾನಿಟರನ್ನು. ಚಿತ್ರ ಇದ್ದ ಹಾಗೇ ಇತ್ತು. ಮಾನಿಟರ್ ಮನೆಯಲ್ಲೇ ಉಳಿದಿತ್ತು.

ಜನ ನಗುತ್ತಿದ್ದರು. "ನೋಡು, ನಿನಗೂ ಒಂದು ಕಾಲಕ್ಕೆ ಸೊಂಟ ಇತ್ತು" ಎಂದು ಯಾರೋ ಯಾರಿಗೋ ಹೇಳಿದರು. ಬಾಕ್ಯೆ ಪಕ್ಕದವಳ ಕಿವಿಯಲ್ಲಿ, "ಎಷ್ಟು ಉದ್ದಕ್ಕೆ, ಚೆಂದಕ್ಕೆ ಇದ್ದಳು ಅಲ್ವಾ" ಎಂದಳು. ರೈಂಡರ್ ಫೆಡ್ಡೆಯ ಕೈಯಿಂದ ರಿಮೋಟ್ ತೆಗೆದುಕೊಂಡ.

"ಬಿಡು ಮಾರಾಯ, ಎಲ್ಲರೂ ಖುಷಿಯಾಗಿದಾರೆ" ಎಂದ ಫೆಡ್ಡೆ. "ನನ್ನ ಹೊಟ್ಟೆ ಕರಗಿಸಿದ ಯಂತ್ರ ಅದು. ಕೈ ಹಾಕ್ಬೇಡ."

ರಿಮೋಟಿನ ಅಕ್ಷರ ಇರುವೆಯಷ್ಟು ಚಿಕ್ಕದು. ಕನ್ನಡಕ ಕೋಟಿನಲ್ಲಿ, ಕೋಟು ಗೂಟದಲ್ಲಿ. ಕತ್ತಲಲ್ಲಿ ಅವನು ಒಂದೊಂದೇ ಗುಂಡಿ ಒತ್ತಿದ. ಚಿತ್ರ ನೀಲಿಯಾಯಿತು, ತಲೆಕೆಳಗಾಯಿತು, ಮತ್ತೆ ನೆಟ್ಟಗಾಯಿತು. ಗೋಡೆಯ ಮೇಲೆ ಆಫ್ಕೆ ಆಗಲೇ ತಿರುವಿಗೆ ಬರುತ್ತಿದ್ದಳು. ಒಂದು ಗುಂಡಿಗೆ ಚಿತ್ರ ತಟ್ಟನೆ ಎರಡೂ ಬದಿಗೆ ಚಾಚಿಕೊಂಡಿತು. ಗಡಿಯಾರ ದುಂಡಗಾಯಿತು.

ನಗು ನಿಂತಿತು. ಗೋಡೆಯ ತುಂಬ ಹದಿನೇಳರ ಹುಡುಗಿ, ತೊಡೆ ನೆಲಕ್ಕೆ ಸಮನಾಗುವಷ್ಟು ತಗ್ಗಿ, ಒಂದು ಕಾಲಿನ ಮೇಲೆ ಇಡೀ ತಿರುವನ್ನು ಜಾರಿ ದಾಟಿದಳು. ಅರ್ಧಕ್ಕರ್ಧ ಜನ ಹುಟ್ಟಿನಿಂದ ಸ್ಕೇಟ್ ಕಟ್ಟಿದವರು. ತಾವು ಏನು ನೋಡುತ್ತಿದ್ದೇವೆ ಎಂದು ಅವರಿಗೆ ಗೊತ್ತಿತ್ತು.

"ಹೀಗೆ ಕೂತವರನ್ನ ನಾನು ನೋಡಿಲ್ಲ" ಎಂದ ಒಬ್ಬ ಮುದುಕ.

ಚಪ್ಪಾಳೆ ಶುರುವಾಯಿತು. ಓಟ ಮುಗಿದು ಗೋಡೆ ಬೆಳ್ಳಗಾದ ಮೇಲೂ ನಿಲ್ಲಲಿಲ್ಲ. ಫೆಡ್ಡೆ ದೀಪ ಹಾಕಿ ಮೈಕು ಹಿಡಿದ. "ಅವಳನ್ನ ಹಾಗೆ ಕೂರಿಸಿದವನು ಇಲ್ಲೇ ನಿಂತಿದಾನೆ. ಅವನ ನೋಟ್‌ಬುಕ್ ಎಲ್ಲರಿಗೂ ಗೊತ್ತು. ರೈಂಡರ್, ಎಷ್ಟು ಡಿಗ್ರಿ ಅದು?"

ಮೈಕು ಅವನ ಮುಂದೆ ಬಂತು. ಸುಳ್ಳು ಅಳತೆ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಯೋಚಿಸುವ ಮೊದಲೇ ಬಾಯಿಂದ ಬಂತು.

"ಎಂಬತ್ತೆರಡು."

ಮತ್ತೆ ಚಪ್ಪಾಳೆ. ಅದರ ನಡುವೆ ಮೊದಲ ಸಾಲಿನಿಂದ ಬಾಕ್ಯೆ ಹುಬ್ಬು ಗಂಟಿಕ್ಕಿ ತಿರುಗಿದಳು. "ಎಂಬತ್ತೆರಡಾ? ನೀವು ತೊಂಬತ್ತೇಳು ಅಂದಿದ್ರಿ. ಸುತ್ತ ಹೂವು ಬರೆದಿದ್ದೆ ನಾನು. ಆ ಚೀಟಿ ಇನ್ನೂ ಇದೆ."

ಚಪ್ಪಾಳೆ ತೆಳುವಾಯಿತು. ರೈಂಡರ್ ಮೈಕಿನ ಮುಂದೆ ನಿಂತಿದ್ದ. ಹೇಳಬೇಕಾದ್ದೆಲ್ಲ ಅವನ ನಾಲಿಗೆಯ ಮೇಲೇ ಇತ್ತು. ಗುಂಡಿ, ಗಡಿಯಾರ, ಪೆಪ್ಪರ್‌ಮೆಂಟು. ಒಂದು ಮಾತು ಬಿಟ್ಟರೂ ಉಳಿದದ್ದೆಲ್ಲ ಹಿಂದೆಯೇ ಬರುತ್ತಿತ್ತು. ಅವನು ಬಾಗಿಲ ಕಡೆ ನೋಡಿದ.

"ಮೆಮ್, ಅದು ಬೇರೆ ವಾರದ್ದು" ಎಂದಳು ಆಫ್ಕೆ ಹಿಂದಿನಿಂದ, ಎಲ್ಲರಿಗೂ ಕೇಳುವ ಹಾಗೆ. "ಆಮೇಲೆ ಇನ್ನೂ ಇಳಿದಿದ್ದೆ."

"ಹೌದಾ?" ಬಾಕ್ಯೆಯ ಹುಬ್ಬು ಸಡಿಲವಾಯಿತು. ಮುಖ ಅರಳಿತು. ಪಕ್ಕದವಳ ಕೈ ಹಿಡಿದು, "ದಾರ ಕಟ್ಟಿದ್ದು ನಾನು ಗೊತ್ತಾ" ಎಂದಳು. "ಕೆಂಪು ದಾರ. ಅಡುಗೆಮನೆ ಬಾಗಿಲಿಗೆ."

ರೈಂಡರ್ ಮೈಕು ಫೆಡ್ಡೆಯ ಕೈಗೆ ಕೊಟ್ಟು ಹಿಂದಕ್ಕೆ ನಡೆದ. ದಾರಿಯಲ್ಲಿ ನಾಲ್ಕೈದು ಜನ ಅವನ ಬೆನ್ನು ತಟ್ಟಿದರು. ಬಾಗಿಲ ಹತ್ತಿರ ಆಫ್ಕೆ ಇರಲಿಲ್ಲ. ಅವಳು ಹೊರಗೆ ಮೆಟ್ಟಿಲ ಮೇಲೆ ಇದ್ದಳು, ಕೋಟು ಹಾಕಿಕೊಂಡು. ಮೂರೇ ಮೆಟ್ಟಿಲು. ಅವಳು ಅಡ್ಡಕ್ಕೆ ತಿರುಗಿ ಕಂಬಿ ಹಿಡಿದು, ಒಂದು ಕಾಲು ಇಳಿಸಿ, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದಳು.

ರೈಂಡರ್ ಓಡಿಬಂದು ತೋಳು ಚಾಚಿದ.

"ಬೇಡ, ರೈಂಡರ್" ಎಂದಳು. "ಅಭ್ಯಾಸ ಆಗಿದೆ." ಕೊನೆಯ ಮೆಟ್ಟಿಲು ಇಳಿದು, ತಿರುಗಿ ನೋಡಿದಳು. "ನಿಜವಾಗ್ಲೂ ಕೆಳಗಿದ್ದೆ ಅಲ್ವಾ?"

"ನಿಜವಾಗ್ಲೂ."

ಅವಳು ತಲೆಯಾಡಿಸಿ ಕಾರಿನ ಕಡೆ ಹೋದಳು. ಸೀಟು ಪೂರ್ತಿ ಹಿಂದಕ್ಕೆ ತಳ್ಳಿದ್ದ ಕಾರಿನೊಳಗೆ ಅವಳು ಮೊದಲು ಕೂತು, ಆಮೇಲೆ ಎರಡೂ ಕೈಯಿಂದ ಒಂದೊಂದೇ ಕಾಲು ಎತ್ತಿ ಒಳಗಿಟ್ಟುಕೊಳ್ಳುವವರೆಗೂ ಅವನ ತೋಳು ಹಾಗೇ ಚಾಚಿಕೊಂಡಿತ್ತು.

ಹಿಂದಿನಿಂದ ಫೆಡ್ಡೆ ಕರೆದ. "ಎಲ್ಲಿ ಹೋದ್ಯೋ? ಇನ್ನೊಂದ್ಸಲ ಹಾಕು ಅಂತಿದಾರೆ. ಬಾಕ್ಯೆ ಬಿಡ್ತಾನೇ ಇಲ್ಲ."

ರೈಂಡರ್ ಒಳಗೆ ಹೋಗಿ ಇನ್ನೊಂದು ಸಲ ಹಾಕಿದ.